ಮಿಲ್ಫರ್ಡ್ ಸೌಂಡ್‌ಗೆ ಒಂದು ದಿನ: ಅಪ್ಪ-ಅಮ್ಮ, ಮಕ್ಕಳನ್ನು ಕಾರಲ್ಲಿ ಕರೆದುಕೊಂಡು ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ನ್ಯೂಜಿಲೆಂಡಿನ ದಕ್ಷಿಣ ದ್ವೀಪಕ್ಕೆ ಹೋದವರು ಮಿಲ್ಫರ್ಡ್ ಸೌಂಡ್ ನೋಡದೆ ಬರುವುದು ಕಮ್ಮಿ. ಕಡಿದಾದ ಬೆಟ್ಟಗಳ ನಡುವೆ, ಹಿಮನದಿ ಕೊರೆದ ಕಣಿವೆಯೊಳಕ್ಕೆ ಸಮುದ್ರ ನುಗ್ಗಿ ಆದ ಕಿರಿದಾದ ಕೊಲ್ಲಿ ಅದು. ಆದರೆ ಬಹಳ ಜನ ನೋಡುವ ರೀತಿ ಹೀಗೆ: ಬೆಳಗ್ಗೆ ಕ್ವೀನ್ಸ್‌ಟೌನಿನಿಂದ ಹೊರಟು ನಾಲ್ಕು ಗಂಟೆ ಕಾರಲ್ಲಿ ಕೂರುವುದು, ಎರಡು ಗಂಟೆ ಬೋಟಲ್ಲಿ ನಿಲ್ಲುವುದು, ಮತ್ತೆ ನಾಲ್ಕು ಗಂಟೆ ಕಾರಲ್ಲಿ ಕೂತು ವಾಪಸ್ಸಾಗುವುದು. ಮೊದಲ ಸಲ ನಾನೂ ಹಾಗೇ ಹೋದೆ. ದಾರಿಯಲ್ಲಿ ಸಿಕ್ಕಸಿಕ್ಕಲ್ಲಿ ನಿಲ್ಲಿಸಿ ಫೋಟೋ ತೆಗೆದೆವು, ಮಗಳು ಎರಡು ಸಲ ವಾಂತಿ ಮಾಡಿಕೊಂಡಳು, ದಡಕ್ಕೆ ಓಡಿ ಬರುವಷ್ಟರಲ್ಲಿ ನಮ್ಮ ಬೋಟು ಹೊರಟು ಆರು ನಿಮಿಷವಾಗಿತ್ತು. ತಪ್ಪು ಪೂರ್ತಿ ನಮ್ಮದೇ.

ಎರಡನೇ ಸಲ ಡಿಸೆಂಬರ್ ಕೊನೆಯಲ್ಲಿ, ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ಅಪ್ಪಯ್ಯ, ಅಮ್ಮ, ಐದು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳು, ನಾವಿಬ್ಬರು ಹೀಗೆ ಆರು ಜನ ಅದೇ ದಾರಿಯಲ್ಲಿ ಹೋದೆವು. ಆ ದಿನ ಸಲೀಸಾಗಿ ಸಾಗಿತು. ಇಲ್ಲಿ ಬರೆದಿರುವುದೆಲ್ಲ ಆ ಎರಡು ದಿನಗಳ ವ್ಯತ್ಯಾಸದಿಂದ ಕಲಿತದ್ದು.

ಹಂತ 1: ಉಳಿಯುವುದು ಟೆ ಅನೌನಲ್ಲಿ

ಕ್ವೀನ್ಸ್‌ಟೌನಿನಿಂದ ಮಿಲ್ಫರ್ಡ್‌ಗೆ ಹಕ್ಕಿ ಹಾರಿದರೆ ಸುಮಾರು 70 ಕಿ.ಮೀ. ಕಾರಿಗೆ ಮಾತ್ರ ಸುಮಾರು 290 ಕಿ.ಮೀ. ನಡುವೆ ಬೆಟ್ಟಸಾಲು ಅಡ್ಡ ಇರುವುದರಿಂದ ರಸ್ತೆ ದಕ್ಷಿಣಕ್ಕೆ ಇಳಿದು, ಟೆ ಅನೌ ಊರನ್ನು ಬಳಸಿ, ಮತ್ತೆ ಉತ್ತರಕ್ಕೆ ಹತ್ತಬೇಕು. ಟೆ ಅನೌನಿಂದಾದರೆ 118 ಕಿ.ಮೀ. ಅಷ್ಟೆ. ಎಲ್ಲೂ ನಿಲ್ಲದಿದ್ದರೆ ಎರಡು ಗಂಟೆ ಚಿಲ್ಲರೆ.

ಟೆ ಅನೌ ಸಣ್ಣ ಊರು, ದಕ್ಷಿಣ ದ್ವೀಪದ ಅತಿ ದೊಡ್ಡ ಸರೋವರದ ದಂಡೆಯಲ್ಲಿದೆ. ಇಲ್ಲಿ ಎರಡು ರಾತ್ರಿ ಉಳಿಯಿರಿ, ಮೂರಾದರೆ ಇನ್ನೂ ಒಳ್ಳೆಯದು. ಹಿಮ ಕುಸಿದೋ, ವಿಪರೀತ ಮಳೆಗೋ ಈ ರಸ್ತೆ ಆಗಾಗ ಬಂದ್ ಆಗುತ್ತದೆ. ಕೈಯಲ್ಲಿ ಇನ್ನೊಂದು ದಿನ ಇದ್ದವರಿಗೆ ಮಾತ್ರ ಆಗ ತಲೆಬಿಸಿ ಇಲ್ಲ. ಅಡುಗೆಮನೆ ಇರುವ ಮೋಟೆಲ್ ಹಿಡಿಯಿರಿ. ಅನ್ನ ಮಾಡಿಕೊಳ್ಳಲು ಒಂದು ಒಲೆ ಸಿಕ್ಕಿದರೆ ಅಪ್ಪ-ಅಮ್ಮನ ಅರ್ಧ ಪ್ರವಾಸ ಗೆದ್ದಂತೆ. ಡಿಸೆಂಬರ್-ಜನವರಿಯಲ್ಲಿ ಅಲ್ಲಿನವರಿಗೂ ಬೇಸಿಗೆ ರಜೆ, ಆದ್ದರಿಂದ ರೂಮು ತಿಂಗಳುಗಟ್ಟಲೆ ಮುಂಚೆಯೇ ಖಾಲಿಯಾಗುತ್ತದೆ.

ಹಂತ 2: ಯಾವಾಗ ಹೋಗುವುದು

ನಮ್ಮ ದಸರಾ ರಜೆಗೆ ಅಲ್ಲಿ ವಸಂತ, ಬೇಸಿಗೆ ರಜೆಗೆ ಶರತ್ಕಾಲ. ಡಿಸೆಂಬರ್ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ, ಏಪ್ರಿಲ್ ಕೊನೆಗೆ ಸಂಜೆ ಆರಕ್ಕೇ ಕತ್ತಲು. ಏಪ್ರಿಲ್‌ನಲ್ಲಿ ಹೋಗುವವರು ಕೆಳಗೆ ಕೊಟ್ಟ ಸಮಯವನ್ನೆಲ್ಲ ಒಂದು ಗಂಟೆ ಮುಂದಕ್ಕೆ ಹಾಕಿಕೊಳ್ಳಿ, ಬೆಳಗ್ಗೆ ಏಳಕ್ಕೆ ಹೊರಟರೆ ಕತ್ತಲಲ್ಲೇ ಕಾರು ಓಡಿಸಬೇಕಾಗುತ್ತದೆ. ಮೇನಿಂದ ನವೆಂಬರ್‌ವರೆಗೆ ಟೈರಿಗೆ ಕಟ್ಟುವ ಸರಪಳಿ ಜೊತೆಗಿರಬೇಕೆಂದು ದಾರಿಯ ಬೋರ್ಡು ಹೇಳಬಹುದು. ಹಿಮದ ಮೇಲೆ ಕಾರು ಓಡಿಸಿ ಗೊತ್ತಿಲ್ಲದ ನಮ್ಮಂಥವರು ಆ ತಿಂಗಳುಗಳಲ್ಲಿ ಟೆ ಅನೌನಿಂದ ಬಸ್ಸು ಹಿಡಿಯುವುದೇ ಸರಿ.

‘ಮಳೆ ಇಲ್ಲದ ತಿಂಗಳು ಯಾವುದು?’ ಎಂದು ಎಲ್ಲರೂ ಕೇಳುತ್ತಾರೆ. ಅಂಥ ತಿಂಗಳಿಲ್ಲ. ಮಿಲ್ಫರ್ಡ್‌ನಲ್ಲಿ ವರ್ಷಕ್ಕೆ ಸುಮಾರು 6,800 ಮಿ.ಮೀ. ಮಳೆ. ನಮ್ಮ ಆಗುಂಬೆಯ ಸರಾಸರಿ ಏಳು ಸಾವಿರ ದಾಟುತ್ತದೆ, ಆದರೆ ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ ಹೊಯ್ದು ಮುಗಿಯುತ್ತದೆ. ಅಲ್ಲಿ ಹಾಗಲ್ಲ, ವರ್ಷವಿಡೀ ಹಂಚಿಕೊಂಡು ಸುಮಾರು 180 ದಿನ ಬರುತ್ತದೆ. ಅಂದರೆ ನೀವು ಹೋದ ದಿನ ಮಳೆ ಬರುವ ಸಂಭವ ಅರ್ಧಕ್ಕರ್ಧ. ಬಂದರೆ ಬೇಜಾರಾಗಬೇಡಿ, ಯಾಕೆಂದು ಬೋಟಿನ ಹಂತದಲ್ಲಿ ಹೇಳುತ್ತೇನೆ.

ಹಂತ 3: ಮೊದಲು ಬೋಟು, ಆಮೇಲೆ ಉಳಿದದ್ದು

ಇಡೀ ದಿನದಲ್ಲಿ ಗಡಿಯಾರ ನೋಡಿ ಮಾಡಬೇಕಾದ ಕೆಲಸ ಒಂದೇ, ಬೋಟು ಹತ್ತುವುದು. ಅದಕ್ಕೊಂದು ಸಮಯ ಗಟ್ಟಿ ಮಾಡಿ, ಉಳಿದದ್ದನ್ನೆಲ್ಲ ಸಡಿಲ ಬಿಡಿ.

ಬೆಳಗ್ಗೆ ಹತ್ತೂವರೆಯ ಆಸುಪಾಸಿನ ಬೋಟು ತೆಗೆದುಕೊಳ್ಳಿ. ಕ್ವೀನ್ಸ್‌ಟೌನಿನ ಟೂರಿಸ್ಟ್ ಬಸ್ಸುಗಳು ಬಂದು ಸೇರುವುದು ಹನ್ನೊಂದೂವರೆ-ಹನ್ನೆರಡರ ಹೊತ್ತಿಗೆ. ಅಲ್ಲಿಂದ ಮಧ್ಯಾಹ್ನ ಎರಡರವರೆಗಿನ ಬೋಟುಗಳಲ್ಲಿ ಮೇಲಿನ ಡೆಕ್‌ನ ಕಂಬಿ ಹಿಡಿಯಲೂ ಪೈಪೋಟಿ. ಬೆಳಗಿನ ಬೋಟಿಗೆ ಹೋದವರಿಗೆ ಇನ್ನೊಂದು ಲಾಭವೂ ಇದೆ: ಹಿಂದಿರುಗುವಾಗ ಬಸ್ಸಿನವರೆಲ್ಲ ನೀರಿನ ಮೇಲಿರುತ್ತಾರೆ, ರಸ್ತೆ ನಿಮ್ಮದು. ಬೆಳಗ್ಗೆ ಬೇಗ ಏಳದ ಮನೆಯವರಾದರೆ ಮಧ್ಯಾಹ್ನ ಮೂರರ ನಂತರದ್ದನ್ನು ನೋಡಿ, ಆದರೆ ಅದು ಬೇಸಿಗೆಯಲ್ಲಿ ಮಾತ್ರ ಆಗುವ ಮಾತು.

ಸಾಮಾನ್ಯ ಸುತ್ತು ಒಂದೂವರೆಯಿಂದ ಎರಡು ಗಂಟೆ. ಅದಕ್ಕಿಂತ ಉದ್ದದ್ದು ಸಣ್ಣ ಮಕ್ಕಳಿಗೆ ಬೇಡ. ಅರ್ಧ ಗಂಟೆ ಮುಂಚೆ ದಡದಲ್ಲಿರಿ. ಕಾರು ನಿಲ್ಲಿಸುವ ಜಾಗದಿಂದ ಬೋಟಿನ ಕಟ್ಟಡಕ್ಕೆ ನಡೆಯಬೇಕು, ಮಂಡಿನೋವಿನ ಹಿರಿಯರಿದ್ದರೆ ಅವರನ್ನು ಮೊದಲು ಬಾಗಿಲಲ್ಲಿ ಇಳಿಸಿ ಆಮೇಲೆ ಪಾರ್ಕಿಂಗ್ ಹುಡುಕಿ. ಹತ್ತಿರದ ಪಾರ್ಕಿಂಗ್‌ಗೆ ದುಡ್ಡು ಕೊಡಬೇಕು, ಗಂಟೆ ಲೆಕ್ಕ.

ಹಂತ 4: ಕಾರು ಮತ್ತು ಕಾನೂನು

ನಮ್ಮ ಹಾಗೇ ಎಡಗಡೆ ಓಡಿಸುವ ದೇಶ, ಅದೇ ದೊಡ್ಡ ಸಮಾಧಾನ. ಇಂಗ್ಲಿಷಿನಲ್ಲಿ ಮುದ್ರಿತವಾದ ನಮ್ಮ ಡ್ರೈವಿಂಗ್ ಲೈಸೆನ್ಸ್ ಪ್ರವಾಸಿಗರಿಗೆ ಸಾಕು. ಮೊಬೈಲಿನಲ್ಲಿರುವ ಚಿತ್ರವನ್ನು ನಂಬದೆ ಕಾರ್ಡನ್ನೇ ಜೇಬಿನಲ್ಲಿಟ್ಟುಕೊಳ್ಳಿ. ಏಳು ವರ್ಷ ತುಂಬದ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ, ಕಾರು ಬುಕ್ ಮಾಡುವಾಗಲೇ ಕೇಳಿ. ‘ಮಡಿಲಲ್ಲಿ ಕೂರಿಸ್ಕೊಳ್ತೀನಿ ಬಿಡೋ’ ಎನ್ನುವ ಅಜ್ಜಿಯ ಮಾತು ಅಲ್ಲಿ ನಡೆಯುವುದಿಲ್ಲ.

ನಮಗೆ ಹೊಸದೆನಿಸುವುದು ಒಂದೇ ಗಾಡಿ ಹೋಗುವ ಸೇತುವೆಗಳು. ಚೌಕದ ನೀಲಿ ಬೋರ್ಡಿನಲ್ಲಿ ನಿಮ್ಮ ದಿಕ್ಕಿನ ಬಾಣ ದೊಡ್ಡದಾಗಿ ಬಿಳಿ ಇದ್ದರೆ ನೀವು ಮೊದಲು. ದುಂಡನೆಯ ಬೋರ್ಡಿನಲ್ಲಿ ನಿಮ್ಮ ಬಾಣ ಸಣ್ಣದಾಗಿ ಕೆಂಪಗಿದ್ದರೆ ನಿಂತು ಎದುರಿನವರಿಗೆ ದಾರಿ ಬಿಡಿ. ಹಾರ್ನ್ ಹೊಡೆದು ನುಗ್ಗುವ ಅಭ್ಯಾಸವನ್ನು ಏರ್‌ಪೋರ್ಟಿನಲ್ಲೇ ಬಿಟ್ಟು ಬನ್ನಿ. ವೇಗದ ಮಿತಿ 100 ಎಂದಿದ್ದರೂ ತಿರುವಿನ ಹಳದಿ ಬೋರ್ಡು 35 ಎಂದರೆ 35ಕ್ಕೇ ಇಳಿಸಿ, ಅದು ಸುಮ್ಮನೆ ಬರೆದದ್ದಲ್ಲ. ನಿಮ್ಮ ಹಿಂದೆ ಮೂರು ನಾಲ್ಕು ಕಾರು ಸೇರಿಕೊಂಡರೆ ಜಾಗ ಸಿಕ್ಕಲ್ಲಿ ಎಡಕ್ಕೆ ಸರಿದು ಬಿಟ್ಟುಕೊಡಿ. ನಾನು ಹಾಗೆ ಬಿಟ್ಟಾಗಲೆಲ್ಲ ಒಬ್ಬರಾದರೂ ಕೈಯೆತ್ತಿ ಹೋದರು.

ಹಿಂದಿನ ಸಂಜೆಯೇ ಟೆ ಅನೌನಲ್ಲಿ ಪೆಟ್ರೋಲ್ ಟ್ಯಾಂಕ್ ತುಂಬಿಸಿ. ದಾರಿಯಲ್ಲಿ ಬಂಕ್ ಇಲ್ಲ, ಹೆಚ್ಚಿನ ಕಡೆ ಮೊಬೈಲ್ ಸಿಗ್ನಲ್ಲೂ ಇಲ್ಲ. ಮ್ಯಾಪು, ಬೋಟಿನ ಟಿಕೆಟ್ಟು, ಮಕ್ಕಳ ಹಾಡು ಎಲ್ಲ ಫೋನಿಗೆ ಇಳಿಸಿಟ್ಟುಕೊಳ್ಳಿ. ರಸ್ತೆ ತೆರೆದಿದೆಯೇ ಎಂಬುದನ್ನು ಬೆಳಗ್ಗೆ ಎದ್ದ ಕೂಡಲೇ ಅಲ್ಲಿನ ಸಾರಿಗೆ ಸಂಸ್ಥೆ ಎನ್‌ಝಡ್‌ಟಿಎ ಜಾಲತಾಣದಲ್ಲಿ ನೋಡಿ.

ಹಂತ 5: ಬುತ್ತಿ, ಬಟ್ಟೆ, ನುಸಿಯ ಔಷಧಿ

ಮಿಲ್ಫರ್ಡ್ ಅನ್ನುವುದು ಊರಲ್ಲ. ಬೋಟಿನ ಕಟ್ಟಡ, ಒಂದೆರಡು ತಂಗುದಾಣ, ತಿನ್ನಲು ಸಿಗುವುದು ಕಾಫಿ-ಸ್ಯಾಂಡ್‌ವಿಚ್ ಲೆಕ್ಕದ್ದು. ಮನೆಮಂದಿಗೆಲ್ಲ ಬುತ್ತಿ ಕಟ್ಟಿಕೊಳ್ಳಿ. ನಾವು ಒಯ್ದದ್ದು ಪುಳಿಯೋಗರೆ, ಚಪಾತಿ-ಬಟಾಟೆ ಪಲ್ಯ, ಡಬ್ಬಿ ತುಂಬ ಮೊಸರನ್ನ. ಬೆಳಗಿನ ತಿಂಡಿಗೆ ಎಣ್ಣೆಯದ್ದು ಬೇಡ, ಸುರಂಗದ ಮುಂಚೆ ಘಾಟಿಯಂಥ ತಿರುವುಗಳಿವೆ. ಮೂಸಲಿಕ್ಕೆ ಒಂದು ನಿಂಬೆಹಣ್ಣು, ಕೈಗೆ ಸಿಗುವಂತೆ ನಾಲ್ಕು ಪ್ಲಾಸ್ಟಿಕ್ ಚೀಲ ಇರಲಿ.

ಊರಿಂದ ತಂದ ತಿನಿಸಿನ ಬಗ್ಗೆ ಒಂದು ಮಾತು. ನ್ಯೂಜಿಲೆಂಡಿನಲ್ಲಿ ಇಳಿಯುವಾಗ ತಿನ್ನುವ ಪ್ರತಿ ವಸ್ತುವನ್ನೂ ಫಾರ್ಮಿನಲ್ಲಿ ಹೇಳಿಕೊಳ್ಳಬೇಕು. ಹೇಳಿದರೆ ಪರೀಕ್ಷೆ ಮಾಡಿ, ಬೇಡದ್ದನ್ನು ಕಸಿದುಕೊಂಡು ಬಿಡುತ್ತಾರೆ. ಮುಚ್ಚಿಟ್ಟು ಸಿಕ್ಕಿದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಜೇನುತುಪ್ಪ ತರಲೇಬೇಡಿ. ಅಮ್ಮನ ಚಟ್ನಿಪುಡಿ, ಗೊಜ್ಜು ಎಲ್ಲ ಹೇಳಿಕೊಂಡೆವು, ಅಧಿಕಾರಿ ಮುಚ್ಚಳ ತೆಗೆದು ಮೂಸಿ ಹಿಂದಕ್ಕೆ ಕೊಟ್ಟ.

ಬಟ್ಟೆ: ಬೇಸಿಗೆಯಾದರೂ ಸ್ವೆಟರ್ ಮತ್ತು ಟೊಪ್ಪಿಯಿರುವ ರೇನ್‌ಕೋಟು. ಬೋಟಿನ ಡೆಕ್ಕಿನಲ್ಲಿ ಬೀಸುವ ಗಾಳಿಗೆ ಛತ್ರಿ ಒಂದು ನಿಮಿಷವೂ ನಿಲ್ಲುವುದಿಲ್ಲ. ಎಲ್ಲರಿಗೂ ಒಂದೊಂದು ಜೊತೆ ಒಣ ಕಾಲುಚೀಲ ಕಾರಲ್ಲಿರಲಿ.

ಇನ್ನು ನುಸಿ. ಸ್ಯಾಂಡ್‌ಫ್ಲೈ ಅನ್ನುತ್ತಾರೆ, ಎಳ್ಳಿನ ಕಾಳಿನಷ್ಟು ಇರುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಕತೆಯ ಪ್ರಕಾರ ಈ ನೆಲ ಬಹಳ ಚಂದವಾಗಿ ಬಂದದ್ದು ನೋಡಿ, ಮನುಷ್ಯರು ಇಲ್ಲೇ ಝಂಡಾ ಊರಿಬಿಟ್ಟಾರು ಎಂದು ಮೃತ್ಯುದೇವತೆ ಹಿನೆ-ನುಯಿ-ಟೆ-ಪೊ ಇವನ್ನು ಬಿಟ್ಟಳಂತೆ. ಕೆಲಸ ಚೆನ್ನಾಗಿಯೇ ಮಾಡುತ್ತವೆ. ಇಂಬಳ ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ರಕ್ತ ಹೋದರೂ ನೋವಿಲ್ಲ. ಇದು ಕಚ್ಚಿದರೆ ನಾಲ್ಕೈದು ದಿನ ರಾತ್ರಿ ಎದ್ದು ತುರಿಸಿಕೊಳ್ಳಬೇಕು. ನಡೆಯುತ್ತಿದ್ದರೆ ಕೂರುವುದಿಲ್ಲ, ನಿಂತಿರೋ ಮುತ್ತುತ್ತವೆ. ಕಪ್ಪು ಬಟ್ಟೆಗೆ ಹೆಚ್ಚು ಬರುತ್ತವೆ. ಟೆ ಅನೌನ ಅಂಗಡಿಯಲ್ಲೇ ಸಿಗುವ ಔಷಧಿಯನ್ನು ಕಾಲಿನ ಗಂಟಿಗೆ, ಕುತ್ತಿಗೆಗೆ, ಕಿವಿಯ ಹಿಂದೆ ಹಚ್ಚಿ. ಸೀರೆ ಉಡುವ ಅಮ್ಮಂದಿರಿಗೆ ಒಳಗೊಂದು ಉದ್ದ ಕಾಲುಚೀಲ ಹಾಕಿಸಿ. ನಮ್ಮಮ್ಮ ಬೇಡ ಅಂದಳು, ಆಮೇಲೆ ಮೂರು ದಿನ ಕಾಲಿಗೆ ಕೊಬ್ಬರಿ ಎಣ್ಣೆ ಉಜ್ಜಿದಳು.

ಹಂತ 6: ಹೋಗುವಾಗ ಎರಡೇ ಕಡೆ ನಿಲ್ಲಿ

ಏಳಕ್ಕೆ ಕಾರು ಹೊರಡಲಿ. ಮೊದಲ ಅರ್ಧ ಗಂಟೆ ಎಡಗಡೆ ಸರೋವರ, ಕುರಿಯ ಹುಲ್ಲುಗಾವಲು. ನಂತರ ಫಿಯೋರ್ಡ್‌ಲ್ಯಾಂಡ್ ರಾಷ್ಟ್ರೀಯ ಉದ್ಯಾನ. 1952ರಲ್ಲಿ ಆದದ್ದು, 12 ಸಾವಿರ ಚದರ ಕಿ.ಮೀ.ಗೂ ಹೆಚ್ಚು, ಆ ದೇಶದಲ್ಲೇ ದೊಡ್ಡದು. ಕಾಡಿನ ಒಳಗಿಂದ ಕಾರು ಒಮ್ಮೆಲೇ ಎಗ್ಲಿಂಟನ್ ಕಣಿವೆಯ ಬಯಲಿಗೆ ಬೀಳುತ್ತದೆ, ಹೊಂಬಣ್ಣದ ಹುಲ್ಲು, ಎರಡೂ ಕಡೆ ಗೋಡೆ ನಿಂತ ಹಾಗೆ ಬೆಟ್ಟ. ಇಲ್ಲಿ ಎಲ್ಲರೂ ‘ನಿಲ್ಸು ನಿಲ್ಸು’ ಅನ್ನುತ್ತಾರೆ. ನಿಲ್ಲಿಸಬೇಡಿ, ವಾಪಸ್ ಬರುವಾಗಲೂ ಅದು ಅಲ್ಲೇ ಇರುತ್ತದೆ.

ನಿಲ್ಲಬೇಕಾದ ಮೊದಲ ಜಾಗ 58ನೇ ಕಿ.ಮೀ. ಬಳಿಯ ಮಿರರ್ ಲೇಕ್ಸ್. ಇದನ್ನು ಮಾತ್ರ ಹೋಗುವಾಗಲೇ ನೋಡಿ. ಹೊತ್ತೇರಿದಂತೆ ಗಾಳಿ ಎದ್ದು ನೀರು ಕದಡಿದರೆ ಕನ್ನಡಿಯೂ ಇಲ್ಲ, ಬೆಟ್ಟವೂ ಇಲ್ಲ. ಮರದ ಹಲಗೆಯ ಹಾದಿ, ಹತ್ತು ನಿಮಿಷ. ಕೊಳದಂಚಿನ ಒಂದು ಬೋರ್ಡಿನಲ್ಲಿ ಹೆಸರನ್ನು ತಲೆಕೆಳಗಾಗಿ ಬರೆದಿದ್ದಾರೆ, ನೀರಿನಲ್ಲಿ ನೋಡಿದರೆ ನೆಟ್ಟಗೆ ಓದಲು ಬರುತ್ತದೆ. ಮಗಳು ಅದನ್ನು ಕಂಡುಹಿಡಿದು ಅಜ್ಜನಿಗೆ ತೋರಿಸಿದಳು, ಅಜ್ಜ ಕನ್ನಡಕ ಒರೆಸಿಕೊಂಡು ಒಂದೊಂದೇ ಅಕ್ಷರ ಓದಿದರು.

ಅಲ್ಲಿಂದ ಐದು ಕಿ.ಮೀ. ಮುಂದೆ ನಾಬ್ಸ್ ಫ್ಲಾಟ್. ಇಲ್ಲಿ ಶೌಚಾಲಯವಿದೆ. ಬೇಕಾದವರು, ಬೇಡದವರು ಎಲ್ಲರೂ ಹೋಗಿ ಬರಲಿ. ಮುಂದೆ ಡಿವೈಡ್ ಎಂಬಲ್ಲಿಯೂ ಇದೆ, ಆದರೆ ಮಕ್ಕಳು ಅಲ್ಲಿಯವರೆಗೆ ತಡೆದುಕೊಳ್ಳುವ ಖಾತ್ರಿ ಯಾರಿಗೂ ಇಲ್ಲ.

ಹಂತ 7: ಹೋಮರ್ ಸುರಂಗ

ಡಿವೈಡ್ ದಾಟಿದ ಮೇಲೆ ರಸ್ತೆಯ ಸ್ವಭಾವವೇ ಬೇರೆ. ಮರಗಳು ತಗ್ಗಾಗುತ್ತವೆ, ‘ಹಿಮ ಕುಸಿಯುವ ಜಾಗ, ನಿಲ್ಲಬೇಡಿ’ ಎಂಬ ಬೋರ್ಡುಗಳು ಶುರುವಾಗುತ್ತವೆ. ಅವನ್ನು ಪಾಲಿಸಿ. ಕೊನೆಗೆ ಕಲ್ಲಿನ ದೊಡ್ಡ ಬಾಣಲೆಯೊಳಗೆ ಬಂದು ನಿಲ್ಲುತ್ತೀರಿ, ಎದುರಿಗೆ ಗೋಡೆ, ಗೋಡೆಯಲ್ಲೊಂದು ತೂತು.

1935ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ನಿರುದ್ಯೋಗಿಗಳಿಗೆ ಕೆಲಸ ಕೊಡಲೆಂದು ಶುರುಮಾಡಿದ್ದು. ಮೊದಲು ಐದೇ ಜನ, ಕೈಯಲ್ಲಿ ಗುದ್ದಲಿ ಮತ್ತು ತಳ್ಳುಗಾಡಿ. ಹಿಮ ಕುಸಿದು ಕೆಲಸಗಾರರು ಸತ್ತರು, ನಡುವೆ ಯುದ್ಧ ಬಂತು, ವಾಹನಗಳಿಗೆ ತೆರೆದದ್ದು 1954ರಲ್ಲಿ. ಉದ್ದ 1.2 ಕಿ.ಮೀ. ಚಿಲ್ಲರೆ, ಮಿಲ್ಫರ್ಡ್ ಕಡೆಗೆ ಕಣ್ಣಿಗೆ ಗೊತ್ತಾಗುವಷ್ಟು ಇಳಿಜಾರು. ಒಳಗಿನ ಗೋಡೆ ಕೆತ್ತಿದ ಹಾಗೇ ಇದೆ, ಸಿಮೆಂಟಿನ ನುಣುಪಿಲ್ಲ, ಮೇಲಿಂದ ನೀರು ತೊಟ್ಟಿಕ್ಕುತ್ತದೆ.

ಸುರಂಗದ ಬಾಯಲ್ಲಿ ಸಿಗ್ನಲ್ ಇರುತ್ತದೆ, ಒಂದು ಸಲಕ್ಕೆ ಒಂದು ದಿಕ್ಕಿನವರು. ಕಾಯುವುದು ಇಪ್ಪತ್ತು ನಿಮಿಷದವರೆಗೂ ಆಗಬಹುದು, ಬೋಟಿನ ಲೆಕ್ಕದಲ್ಲಿ ಇದನ್ನು ಸೇರಿಸಿಕೊಳ್ಳಿ. ಮೊದಲ ಸಲ ನಾವು ಸೇರಿಸಿರಲಿಲ್ಲ, ಆರು ನಿಮಿಷ ತಪ್ಪಿದ್ದು ಇಲ್ಲೇ. ಹಸಿರು ಬಿದ್ದರೆ ಹೆಡ್‌ಲೈಟ್ ಹಾಕಿ, ಕಪ್ಪು ಕನ್ನಡಕ ತೆಗೆದು ಹೊರಡಿ. ಹೊರಬಂದ ಕೂಡಲೇ ಹಾವಿನಂಥ ಇಳಿಜಾರು. ಸುರಂಗ ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ, ಇಪ್ಪತ್ತು ಕಿ.ಮೀ.ಯೊಳಗೆ ಸಮುದ್ರಕ್ಕೆ ಇಳಿಯಬೇಕು. ಆಗುಂಬೆ ಘಾಟಿ ಇಳಿಸಿದವರಿಗೆ ಹೇಳಿಕೊಡುವುದೇನಿಲ್ಲ, ಬ್ರೇಕನ್ನು ಒತ್ತಿ ಹಿಡಿಯದೆ ಸಣ್ಣ ಗೇರಿನಲ್ಲಿ ಇಳಿಸಿ. ಬಾಡಿಗೆ ಕಾರುಗಳು ಆಟೊಮ್ಯಾಟಿಕ್ ಇರುತ್ತವೆ, ಅದರಲ್ಲಿ ಗೇರು ಇಳಿಸುವುದು ಹೇಗೆಂದು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ.

ಸುರಂಗದ ಬಾಯಲ್ಲಿ ಕಾಯುವಾಗ ಕಿಯಾ ಬರಬಹುದು. ಬೆಟ್ಟದಲ್ಲಿ, ಹಿಮದ ನಡುವೆ ಬದುಕುವ ಗಿಳಿ, ಹದ್ದಿನ ಕೊಕ್ಕು, ರೆಕ್ಕೆ ಬಿಚ್ಚಿದರೆ ಒಳಗೆ ಕಿತ್ತಳೆ. ಸಂಖ್ಯೆ ಕಡಿಮೆಯಾಗುತ್ತಿರುವ ಹಕ್ಕಿ, ಏನೂ ತಿನ್ನಲು ಕೊಡಬಾರದು. ಅಮ್ಮ ಆಗಲೇ ಚಪಾತಿ ಡಬ್ಬಿಗೆ ಕೈಹಾಕಿದ್ದಳು, ತಡೆದೆ. ಅಷ್ಟರಲ್ಲಿ ಅದು ನಮ್ಮ ಕಾರಿನ ಮೇಲೇ ಕೂತು ಕಿಟಕಿಯ ರಬ್ಬರನ್ನು ಚ್ಯೂಯಿಂಗ್ ಗಮ್ಮಿನ ಹಾಗೆ ಎಳೆಯತೊಡಗಿತು. ಕಾರು ಒಂದಿಷ್ಟು ಮುಂದೆ ಸರಿಸಿದರೆ ಹೋಗುತ್ತದೆ.

ಹಂತ 8: ಬೋಟು, ಮತ್ತು ಮಳೆಯ ವಿಷಯ

ನಾವು ಹೋದ ದಿನ ಸುರಂಗದ ಆಚೆ ಬದಿ ಪೂರ್ತಿ ಮಳೆ. ಅಪ್ಪಯ್ಯ ಕಿಟಕಿಯ ಹೊರಗೆ ನೋಡಿ, ‘ಮಳೆ ನೋಡೋಕೆ ಇಷ್ಟು ದೂರ ಬರ್ಬೇಕಿತ್ತೇನೋ ಮಾರಾಯ? ಆಗುಂಬೇಲಿ ಪುಕ್ಕಟೆ ಸಿಗ್ತಿತ್ತು’ ಎಂದರು.

ಮೊದಲ ಸಲ ನಾನು ಬಂದದ್ದು ನಿಚ್ಚಳ ಬಿಸಿಲಿನ ದಿನ. ಆವತ್ತು ಮೈಟರ್ ಪೀಕ್ ಬುಡದಿಂದ ತುದಿಯವರೆಗೆ ಕಂಡಿತ್ತು, ಸಮುದ್ರದಿಂದ ನೆಟ್ಟಗೆ ಸುಮಾರು 1,690 ಮೀಟರ್. ಜಲಪಾತ ಕಂಡದ್ದು ಮಾತ್ರ ಎರಡೇ, ಲೇಡಿ ಬೋವೆನ್ ಮತ್ತು ಸ್ಟರ್ಲಿಂಗ್. ವರ್ಷವಿಡೀ ಹರಿಯುವ ದೊಡ್ಡವು ಅವೆರಡೇ. ಈ ಸಲ ಎಣಿಸಲು ಹೋಗಿ ಮಗಳು ನಲವತ್ತಕ್ಕೆ ಬಿಟ್ಟುಬಿಟ್ಟಳು. ಹಿಮನದಿ ಕೊರೆದು ಹೋದ ಗಟ್ಟಿ ಬಂಡೆಯ ಗೋಡೆಗಳವು. ನೀರು ಕುಡಿಯಲು ಮಣ್ಣೇ ಇಲ್ಲ, ಬಿದ್ದದ್ದೆಲ್ಲ ಹಾಗೇ ಕೆಳಗೆ. ಮಳೆ ಬಂದರೆ ಪ್ರತಿ ಬಿರುಕಿನಿಂದ ಒಂದೊಂದು ಬಿಳಿ ದಾರ ಇಳಿಯುತ್ತದೆ, ಗಾಳಿ ಜೋರಾದರೆ ಅರ್ಧದಲ್ಲೇ ಮೇಲಕ್ಕೆ ಹಾರಿ ಹೋಗುತ್ತದೆ. ಮಳೆ ನಿಂತ ಕೆಲವೇ ಗಂಟೆಗಳಲ್ಲಿ ಇವು ಇಲ್ಲ. ಬಿಸಿಲಿನ ದಿನ ಬಂದವರಿಗೆ ಇದು ಗೊತ್ತೂ ಆಗುವುದಿಲ್ಲ. ಅದಕ್ಕೇ ಹವಾಮಾನ ನೋಡಿ ಟಿಕೆಟ್ ರದ್ದು ಮಾಡಬೇಡಿ. ರಸ್ತೆ ತೆರೆದಿದ್ದರೆ ಹೋಗಿ.

ಬಂಡೆಯ ಮೇಲೆ ಮಣ್ಣಿಲ್ಲದೆ ಕಾಡು ಹೇಗೆ ನಿಂತಿದೆ? ಪಾಚಿಯ ಮೇಲೆ ಗಿಡ, ಗಿಡದ ಬೇರಿಗೆ ಮರದ ಬೇರು, ಒಂದನ್ನೊಂದು ಹಿಡಿದುಕೊಂಡಿವೆ. ಒಂದು ಕೈಬಿಟ್ಟರೆ ಇಡೀ ಪಟ್ಟಿ ಜಾರಿ ಸಮುದ್ರಕ್ಕೆ. ಗೋಡೆಗಳಲ್ಲಿ ಹೀಗೆ ಬೋಳಾದ ಉದ್ದನೆಯ ಗೀರುಗಳನ್ನು ಹುಡುಕಿ.

ಕಾಡಿನಿಂದ ಇಳಿದ ಮಳೆನೀರು ಡಿಕಾಕ್ಷನ್ ಬಣ್ಣದ್ದು, ಉಪ್ಪುನೀರಿನ ಮೇಲೆ ಬೆರೆಯದೆ ಪದರವಾಗಿ ನಿಲ್ಲುತ್ತದೆ. ಬೆಳಕು ಕೆಳಗಿಳಿಯುವುದಿಲ್ಲ. ಹಾಗಾಗಿ ಆಳ ಸಮುದ್ರದ ಕಪ್ಪು ಹವಳ ಇಲ್ಲಿ ಹತ್ತು-ಹದಿನೈದು ಮೀಟರಿನಲ್ಲೇ ಬೆಳೆಯುತ್ತದೆ. ಕಪ್ಪು ಅನ್ನುವುದು ಒಳಗಿನ ಅಸ್ಥಿಗೆ, ಜೀವಂತ ಇರುವಾಗ ನೋಡಲು ಬಿಳಿ.

ಎಲ್ಲಿ ನಿಲ್ಲಬೇಕು: ಹೊರಟಾಗ ಮೇಲಿನ ಡೆಕ್ಕು, ಟಾಸ್ಮನ್ ಸಮುದ್ರದ ಬಾಯಿ ಹತ್ತಿರವಾದಾಗ ಅಲೆ ಜಾಸ್ತಿ, ಹಿರಿಯರನ್ನೂ ಮಕ್ಕಳನ್ನೂ ಒಳಗೆ ಕೂರಿಸಿ. ಬರುವಾಗ ಒಂದು ಬಂಡೆಯ ಮೇಲೆ ಸೀಲ್‌ಗಳು ಮಲಗಿರುತ್ತವೆ, ಎದ್ದು ನಿಲ್ಲುವ ಕಷ್ಟವನ್ನೂ ತೆಗೆದುಕೊಳ್ಳುವುದಿಲ್ಲ. ಕೊನೆಗೆ ಸ್ಟರ್ಲಿಂಗ್ ಜಲಪಾತ, ಎತ್ತರ ಸುಮಾರು 150 ಮೀಟರ್. ‘ಜೋಗದ ರಾಜ 253 ಮೀಟರ್, ಇದೇನು’ ಎಂದು ಅಪ್ಪಯ್ಯ ಹೇಳುತ್ತಿರುವಾಗಲೇ ಬೋಟಿನವನು ಮೂತಿಯನ್ನು ನೀರಿನ ಅಡಿಗೇ ಒಯ್ದ. ಮುಂದಿನ ಡೆಕ್ಕಿನಲ್ಲಿದ್ದವರೆಲ್ಲ ತೊಪ್ಪೆ. ಫೋನನ್ನು ಮುಂಚೆಯೇ ಒಳಜೇಬಿಗೆ ಹಾಕಿ. ಅಪ್ಪಯ್ಯನ ಕನ್ನಡಕ ಒರೆಸಲು ಒಣ ಬಟ್ಟೆ ಯಾರ ಹತ್ತಿರವೂ ಉಳಿದಿರಲಿಲ್ಲ.

ಹಂತ 9: ಹಿಂದಿರುಗುವಾಗ ನಿಧಾನ

ಬುತ್ತಿಯನ್ನು ಕಾರೊಳಗೇ ಬಿಚ್ಚಿ, ಹೊರಗೆ ನುಸಿ. ಒಂದೂಕಾಲಿಗೆ ಹೊರಟರೆ ಸಂಜೆ ಐದರವರೆಗೆ ಸಮಯ ಸಮೃದ್ಧ. ಈಗ ಎಲ್ಲಿ ಬೇಕಾದರೂ ನಿಲ್ಲಿ, ಆದರೆ ಗುರುತು ಹಾಕಿದ ಜಾಗಗಳಲ್ಲೇ.

ಸುರಂಗ ದಾಟಿ ಸ್ವಲ್ಪ ಮುಂದೆ ಮಂಕಿ ಕ್ರೀಕ್, ಬೆಟ್ಟದಿಂದ ಇಳಿಯುವ ತಣ್ಣನೆ ತೊರೆ. ಅಮ್ಮ ಬೊಗಸೆಯಲ್ಲಿ ಹಿಡಿದು ತಲೆಗೆ ಪ್ರೋಕ್ಷಿಸಿಕೊಂಡಳು. ಮುಂದೆ ಹಾಲಿಫೋರ್ಡ್ ಕಣಿವೆಯ ನೋಟಕ್ಕೆ ಪಾಪ್ಸ್ ವ್ಯೂ, ಐದು ನಿಮಿಷ ಸಾಕು. ಹೆಚ್ಚು ಹೊತ್ತು ಕೊಡಬೇಕಾದದ್ದು ಲೇಕ್ ಗನ್ ಬಳಿಯ ಕಾಡಿನ ಸುತ್ತುಹಾದಿಗೆ. ಮುಕ್ಕಾಲು ಗಂಟೆ, ಹೆಚ್ಚುಕಮ್ಮಿ ಸಮತಟ್ಟು, ಬೀಚ್ ಎಂಬ ಜಾತಿಯ ಮರದ ಕಾಂಡಗಳಿಗೆಲ್ಲ ಪಾಚಿ ಹೊದಿಸಿದಂತಿದೆ. ಬೆಳಗ್ಗೆಯಿಂದ ಬೆಲ್ಟು ಬಿಗಿದು ಕೂತ ಮಕ್ಕಳು ಇಲ್ಲಿ ಓಡಲಿ. ಡಿವೈಡ್‌ನಿಂದ ಹತ್ತುವ ಕೀ ಸಮಿಟ್ ಚಾರಣ ಚೆನ್ನಾಗಿದೆ, ಆದರೆ ಮೂರು ಗಂಟೆ ಬೇಕು. ಹಿರಿಯರಿರುವ ದಿನಕ್ಕೆ ಸೇರಿಸಬೇಡಿ.

ಊಟದ ನಂತರದ ಈ ಎರಡು ಗಂಟೆಯೇ ಚಾಲಕನಿಗೆ ನಿದ್ದೆ ಎಳೆಯುವ ಹೊತ್ತು. ಇಬ್ಬರು ಓಡಿಸಬಲ್ಲವರಿದ್ದರೆ ಬಾಡಿಗೆ ಒಪ್ಪಂದದಲ್ಲಿ ಇಬ್ಬರ ಹೆಸರೂ ಇರಲಿ, ಹೋಗುವಾಗ ಒಬ್ಬರು, ಬರುವಾಗ ಇನ್ನೊಬ್ಬರು.

ಟೆ ಅನೌ ಸೇರಿದ ಮೇಲೂ ಬೆಳಕಿದ್ದರೆ ಸರೋವರದ ದಂಡೆಯ ಪಕ್ಷಿಧಾಮಕ್ಕೆ ನಡೆದು ಹೋಗಿ. ಟಿಕೆಟ್ಟಿಲ್ಲ, ಮನಸ್ಸಿದ್ದರೆ ಡಬ್ಬಿಗೆ ದುಡ್ಡು ಹಾಕಬಹುದು. ಅಲ್ಲಿ ಟಾಕಾಹೆ ಇದೆ. ಕೋಳಿಗಿಂತ ದೊಡ್ಡದು, ನವಿಲುಗತ್ತಿನ ನೀಲಿ, ಕೆಂಪು ಕೊಕ್ಕು, ಹಾರಲು ಬರುವುದಿಲ್ಲ. ಸಂತತಿಯೇ ಅಳಿಯಿತು ಎಂದು ಎಲ್ಲರೂ ಕೈಬಿಟ್ಟ ಮೇಲೆ 1948ರಲ್ಲಿ ಇದೇ ಸರೋವರದಾಚೆಯ ಬೆಟ್ಟಗಳಲ್ಲಿ ಮತ್ತೆ ಸಿಕ್ಕ ಹಕ್ಕಿ.

ಆ ರಾತ್ರಿ ಮೋಟೆಲಿನ ಹೀಟರಿನ ಮುಂದೆ ಆರು ರೇನ್‌ಕೋಟು, ಹನ್ನೆರಡು ಕಾಲುಚೀಲ ಒಣಗಿಸಿದೆವು. ಊರಲ್ಲಿ ಆಗ ಮಧ್ಯಾಹ್ನ. ಅಪ್ಪಯ್ಯ ಚಿಕ್ಕಪ್ಪನಿಗೆ ಫೋನ್ ಹಚ್ಚಿ, ಜಲಪಾತದ ಸುದ್ದಿ ಎತ್ತುವ ಮೊದಲೇ ಕೇಳಿದರು: ‘ಬಿಸ್ಲು ಹೆಂಗಿದ್ಯೋ? ಅಂಗಳದ ಅಡಿಕೆ ಒಣಗ್ತಾ?’